50 ಕೆಬಿಯಲ್ಲಿ ಕಳೆದುಹೋದ ಮುಖ

ಕಳೆದ ವರ್ಷ ಒಂದು ಹುದ್ದೆಗೆ ಹಾಕಿದ್ದ ನನ್ನ ಅರ್ಜಿ ತಿರಸ್ಕೃತವಾಯಿತು. ಕಾರಣ ಅಂಕವಲ್ಲ, ವಯಸ್ಸೂ ಅಲ್ಲ. ‘ಭಾವಚಿತ್ರ ಮತ್ತು ಸಹಿ ಸ್ಪಷ್ಟವಾಗಿಲ್ಲ’ ಎಂಬ ಒಂದೇ ಸಾಲು. ಎರಡು ವರ್ಷದ ಓದು ಪರೀಕ್ಷಾ ಕೊಠಡಿಯವರೆಗೂ ಹೋಗಲಿಲ್ಲ.

ತಪ್ಪು ಎಲ್ಲಾಯಿತೆಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಜೆಪೆಗ್. ದಿನವೂ ಬಳಸುತ್ತೇವೆ, ಅದೇನೆಂದು ಯೋಚಿಸುವುದಿಲ್ಲ. 1992ರಲ್ಲಿ ರೂಪುಗೊಂಡ ಈ ವಿಧಾನ ಚಿತ್ರವನ್ನು 8 x 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಅದಕ್ಕೇ ಫೈಲ್ ಹಗುರ. ಆದರೆ ಬಿಟ್ಟದ್ದು ಮತ್ತೆ ಸಿಗದು. ಜೆರಾಕ್ಸಿನ ಜೆರಾಕ್ಸ್ ತೆಗೆಸಿದಂತೆ, ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದರೆ ಚಿತ್ರ ಕೆಡುತ್ತಾ ಹೋಗುತ್ತದೆ.

ನಾನು ಮಾಡಿದ್ದೂ ಅದನ್ನೇ. ಸ್ಟುಡಿಯೊದಿಂದ ಮೊಬೈಲ್‌ಗೆ ಬಂದ ಫೋಟೊ ದಾರಿಯಲ್ಲೇ ಒಮ್ಮೆ ಕುಗ್ಗಿತ್ತು. ಅದನ್ನು ಒಂದು ಅರ್ಜಿಗೆಂದು 100 ಕೆಬಿಗೆ ಇಳಿಸಿದೆ. ಇಳಿಸಿದ್ದನ್ನೇ ಮತ್ತೊಂದಕ್ಕೆ 50 ಕೆಬಿ ಮಾಡಿದೆ. ಸಹಿಯ ಪಾಡು ಇನ್ನೂ ಕಷ್ಟ. ಬಿಳಿ ಹಾಳೆಯ ಮೇಲಿನ ಕಪ್ಪು ಗೆರೆಯ ಚೂಪಾದ ಅಂಚನ್ನು ಹೆಚ್ಚು ಕುಗ್ಗಿಸಿದಾಗ ಸುತ್ತ ಮಸಿ ಚೆಲ್ಲಿದಂತೆ ಕಲೆ ಏಳುತ್ತದೆ.

ಈಗ ಕೆಲವು ನಿಯಮ ಇಟ್ಟುಕೊಂಡಿದ್ದೇನೆ. ಮೂಲ ಫೋಟೊ ಮುಟ್ಟುವುದಿಲ್ಲ. ಪ್ರತಿ ಅರ್ಜಿಗೂ ಅದರಿಂದಲೇ ಹೊಸ ಪ್ರತಿ. ಮೊದಲು ಬೇಡದ ಭಾಗ ಕತ್ತರಿಸಿ, ಉದ್ದ-ಅಗಲದ ಪಿಕ್ಸೆಲ್ ತಗ್ಗಿಸುತ್ತೇನೆ. ಗುಣಮಟ್ಟ ಇಳಿಸುವುದು ಕೊನೆಗೆ. ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳುತ್ತೇನೆ. ಜೆಪಿಜಿ, ಜೆಪಿಇಜಿ ಎರಡೂ ಒಂದೇ, ಗಾಬರಿ ಬೇಡ. ಆದರೆ ಪಿಎನ್‌ಜಿ ಫೈಲಿನ ಹೆಸರಿನ ಕೊನೆಗೆ ಜೆಪಿಜಿ ಎಂದು ಬರೆದ ಮಾತ್ರಕ್ಕೆ ಅದು ಜೆಪೆಗ್ ಆಗದು. ಪರಿವರ್ತಿಸಿಯೇ ಸೇವ್ ಮಾಡಬೇಕು.

ನೇಮಕಾತಿ ನಡೆಸುವವರಲ್ಲಿ ಒಂದು ಮನವಿ. ಒಂದೊಂದು ಅರ್ಜಿಗೆ ಒಂದೊಂದು ಅಳತೆ ಏಕೆ? ಸೈಬರ್ ಸೆಂಟರ್‌ನ ಸರತಿಯಲ್ಲಿ ನಿಂತು ಅರ್ಜಿ ತುಂಬುವ ಹಳ್ಳಿಯ ಹುಡುಗಿಗೆ ಕೆಬಿ, ಪಿಕ್ಸೆಲ್ ತಿಳಿದಿರಲೇಬೇಕೆಂದಿಲ್ಲ. ಫೋಟೊ ಮಸುಕಾಗಿದ್ದರೆ ಅಪ್‌ಲೋಡ್ ಮಾಡುವಾಗಲೇ ಎಚ್ಚರಿಸಿ, ಇಲ್ಲವೇ ತಿದ್ದಲು ಎರಡು ದಿನ ಕೊಡಿ. ನಮ್ಮನ್ನು ಪರೀಕ್ಷೆಯಲ್ಲಿ ಫೇಲ್ ಮಾಡಿ, ಒಪ್ಪಿಕೊಳ್ಳುತ್ತೇವೆ. ಫೋಟೊದಲ್ಲಿ ಬೇಡ.