ಆಲೆಮನೆಯ ನೊಣ ಕಲಿಸುವ ಪಾಠ

ಮಂಡ್ಯದ ಆಲೆಮನೆಗಳಲ್ಲಿ ಚೆಲ್ಲಿದ ಕಬ್ಬಿನ ಹಾಲು ಹುಳಿತರೂ, ಮದ್ದೂರು ಮಳವಳ್ಳಿಗಳ ಅಂಗಡಿಗಳಲ್ಲಿ ತೂಗಿದ ಬಾಳೆಯ ಗೊನೆ ಅತಿಯಾಗಿ ಮಾಗಿದರೂ, ಎಳ್ಳುಕಾಳಿನಷ್ಟು ಕಿರಿದಾದ ಕೆಂಗಣ್ಣಿನ ನೊಣಗಳು ಎಲ್ಲಿಂದಲೋ ಬಂದು ಮುತ್ತುತ್ತವೆ. ಕೈಬೀಸಿ ಓಡಿಸುವುದಕ್ಕಲ್ಲದೆ ಅವುಗಳತ್ತ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಜೀವಿಯ ದೇಹದಲ್ಲಿ ಕಣ್ಣು ಕಣ್ಣಾಗಿಯೂ ರೆಕ್ಕೆ ರೆಕ್ಕೆಯಾಗಿಯೂ ರೂಪುಗೊಳ್ಳುವುದು ಹೇಗೆ ಎಂಬ ಗಹನವಾದ ಪ್ರಶ್ನೆಗೆ ಉತ್ತರದ ದಾರಿಯನ್ನು ತೋರಿದುದು ಈ ಅಲ್ಪಜೀವಿಯೇ.

ಇದು ದೂರದೇಶದ ಮಾತು ಮಾತ್ರವಲ್ಲ. ಮಂಡ್ಯದಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ಹಣ್ಣುನೊಣದ, ಎಂದರೆ ಡ್ರೊಸೊಫಿಲಾದ, ತಳಿಗಳನ್ನು ಕಾಪಾಡುವ ಕೇಂದ್ರವಿದೆ. ನೊಣಕ್ಕೆ ಇರುವುದು ಒಂದೇ ಜೊತೆ ರೆಕ್ಕೆ. ಎರಡನೆಯ ಜೊತೆಯ ಸ್ಥಾನದಲ್ಲಿ ಹಾರಾಟದ ಸಮತೋಲವನ್ನು ಕಾಯುವ, ಗುಂಡುತಲೆಯ ಪುಟ್ಟ ಕಡ್ಡಿಗಳಿವೆ. ಅಲ್ಟ್ರಾಬೈಥೊರಾಕ್ಸ್ ಎಂಬ ವಂಶವಾಹಿಯ ಆಜ್ಞೆ ಅಲ್ಲಿ ನಡೆಯದೆ ಹೋದರೆ ಆ ಕಡ್ಡಿಗಳ ಬದಲಿಗೆ ರೆಕ್ಕೆಗಳೇ ಬೆಳೆದು ನೊಣವು ನಾಲ್ಕು ರೆಕ್ಕೆಯದಾಗುತ್ತದೆ. ಇಂತಹ ವಂಶವಾಹಿಗಳ ಕ್ರಮವನ್ನು ಬಿಡಿಸಿ ತೋರಿಸಿದ ಎಡ್ವರ್ಡ್ ಲೂಯಿಸರು 1995ರಲ್ಲಿ ಮತ್ತಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ಆ ಒಂದು ಆಜ್ಞೆ ರೆಕ್ಕೆಯನ್ನು ಅಡಗಿಸುವ ಬಗೆಯನ್ನು ಶೋಧಿಸಿದವರಲ್ಲಿ ಧಾರವಾಡದಲ್ಲಿ ಕೃಷಿವಿಜ್ಞಾನವನ್ನು ಓದಿದ ಎಲ್. ಎಸ್. ಶಶಿಧರ ಅವರೂ ಪ್ರಮುಖರು.

ಇದೇ ನೊಣದಲ್ಲಿ ಡಬಲ್‌ಸೆಕ್ಸ್ ಎಂಬ ಇನ್ನೊಂದು ವಂಶವಾಹಿಯಿದೆ. ಕಾವ್ಯದ ಸಭಂಗಶ್ಲೇಷವನ್ನು ಬಲ್ಲವರಿಗೆ ಅದರ ನಡೆ ಸುಲಭವಾಗಿ ತಿಳಿಯುತ್ತದೆ. ಒಂದೇ ಅಕ್ಷರಪಂಕ್ತಿಯನ್ನು ಒಂದೆಡೆ ಬಿಡಿಸಿ ಓದಿದರೆ ಒಂದರ್ಥ, ಬೇರೊಂದೆಡೆ ಬಿಡಿಸಿದರೆ ಬೇರೊಂದರ್ಥ. ಹಾಗೆಯೇ ಆ ವಂಶವಾಹಿಯ ಬರಹವನ್ನು ಜೀವಕೋಶವು ಒಂದು ಬಗೆಯಲ್ಲಿ ತುಂಡರಿಸಿ ಜೋಡಿಸಿದಾಗ ಹೆಣ್ಣಿನ ಅಂಗಗಳೂ ಇನ್ನೊಂದು ಬಗೆಯಲ್ಲಿ ಜೋಡಿಸಿದಾಗ ಗಂಡಿನ ಅಂಗಗಳೂ ಮೂಡುತ್ತವೆ. ಅದು ಇಲ್ಲವೇ ಇಲ್ಲವಾದರೆ ನೊಣವು ಪೂರ್ಣವಾಗಿ ಹೆಣ್ಣೂ ಆಗದು, ಗಂಡೂ ಆಗದು. ಹೆಣ್ಣೆಂಬುದು ಗಂಡಿನ ಕೊರತೆಯಲ್ಲ; ಎರಡೂ ಒಂದೇ ಬರಹದ ಪೂರ್ಣಾರ್ಥಗಳು.

ಮನುಷ್ಯರಲ್ಲಿ ಕ್ರಮ ಬೇರೆಯಾದರೂ ತತ್ತ್ವ ದೂರದ್ದಲ್ಲ. ಗರ್ಭದ ಮೊದಲ ವಾರಗಳಲ್ಲಿ ಅಂಗದ ಮೂಲ ಇಬ್ಬರಿಗೂ ಒಂದೇ. ತಂದೆಯಿಂದ ವೈ ವರ್ಣತಂತು ಬಂದರೆ ಅದರಲ್ಲಿರುವ, 1990ರಲ್ಲಿ ಗುರುತಿಸಲ್ಪಟ್ಟ ಎಸ್‌ಆರ್‌ವೈ ವಂಶವಾಹಿ ಆ ಮೂಲವನ್ನು ವೃಷಣದ ಹಾದಿಗೆ ಹಚ್ಚುತ್ತದೆ. ಎಕ್ಸ್ ಬಂದರೆ ಬೇರೆ ವಂಶವಾಹಿಗಳು ಅಂಡಾಶಯವನ್ನು ಕಟ್ಟುತ್ತವೆ. ಈ ಆಯ್ಕೆಯಲ್ಲಿ ತಾಯಿಯ ಪಾಲಿಲ್ಲ. ತಂದೆಯ ಇಚ್ಛೆಯೂ ಅಲ್ಲಿ ನಡೆಯದು. ದೋಷವೇ ಇಲ್ಲದೆಡೆ ದೋಷಿಯನ್ನು ಹುಡುಕುವುದೆಂತು?

ಆದರೂ 2023ರ ನವೆಂಬರ್ ತಿಂಗಳಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಯಂತ್ರವನ್ನಿರಿಸಿಕೊಂಡು ಭ್ರೂಣದ ಲಿಂಗವನ್ನು ಪತ್ತೆ ಮಾಡುತ್ತಿದ್ದರೆಂಬ ಸಂಗತಿ ಪೊಲೀಸರ ತನಿಖೆಯಿಂದ ಬೆಳಕಿಗೆ ಬಂದಿತು. ಸಿಹಿಯನ್ನು ಕಾಯಿಸುವ ಮನೆ ಹೆಣ್ಣುಜೀವವನ್ನು ಅಳಿಸುವ ಸಂಚಿಗೆ ಮರೆಯಾಯಿತು. ಇದನ್ನು ನಿಷೇಧಿಸುವ ಕಾನೂನು 1994ರಷ್ಟು ಹಿಂದೆಯೇ ಬಂದಿದ್ದಿತು.

ಆ ಯಂತ್ರವೂ ವಿಜ್ಞಾನದ ಕೊಡುಗೆಯೇ ಅಲ್ಲವೆ, ವಿಜ್ಞಾನದ ಪಾಠದಿಂದ ಮನಸ್ಸು ತಿದ್ದೀತೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಯಂತ್ರವನ್ನು ನಡೆಸಲು ಕಲಿಯುವುದು ಬೇರೆ, ಅದು ತೋರಿಸುವ ಜೀವ ರೂಪುಗೊಂಡ ಬಗೆಯನ್ನು ಅರಿಯುವುದು ಬೇರೆ. ಮೊದಲನೆಯದು ಕೈಯ ಚಳಕ, ಎರಡನೆಯದು ವಿವೇಕ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹೀಗಳೆಯುವ ನಾಲಗೆಯನ್ನು ಕಾನೂನಿನಿಂದ ಕಟ್ಟಲಾಗದು. ತಿಳಿದ ಮಗನೋ ಮಗಳೋ ಮನೆಯಲ್ಲಿದ್ದರೆ ಅದಕ್ಕೆ ಉತ್ತರ ಹೇಳಿಯಾರು.

ಆದುದರಿಂದ ಈ ಮೂರು ತಾಲ್ಲೂಕುಗಳ ಕನ್ನಡ ಶಾಲೆಗಳು ಈ ಪಾಠವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸಿ ಮುಗಿಸಬಾರದು. ಒಂದು ಗಾಜಿನ ಸೀಸೆ, ಮಾಗಿದ ಬಾಳೆಹಣ್ಣಿನ ತುಂಡು, ಬಾಯಿಗೆ ಹತ್ತಿ, ಇಷ್ಟು ಸಾಕು. ಹತ್ತು ಹನ್ನೆರಡು ದಿನಗಳಲ್ಲಿ ಮೊಟ್ಟೆ ಮರಿಯಾಗಿ, ಮರಿ ಕೋಶವಾಗಿ, ಕೋಶದಿಂದ ನೊಣ ಹೊರಬರುವುದನ್ನು ಮಕ್ಕಳು ಕಣ್ಣಾರೆ ಕಾಣುವರು. ಭೂತಗನ್ನಡಿ ಹಿಡಿದು ಹೆಣ್ಣು ಯಾವುದು, ಗಂಡು ಯಾವುದು ಎಂದು ಎಣಿಸಲಿ. ಎರಡೂ ಸರಿಸುಮಾರು ಸಮನಾಗಿರುವುದನ್ನು ಕಂಡಮೇಲೆ, ಹೊರಗಿನ ಲೋಕದಲ್ಲಿ ಆ ಎಣಿಕೆ ಏಕೆ ತಪ್ಪುತ್ತಿದೆ ಎಂದು ಅವರೇ ಹಿರಿಯರನ್ನು ಕೇಳಲಿ.