ಇರುವ ಮನೆಗೂ ಮಾರುವ ಬೆಲೆಯೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯಲ್ಲಿ ಕಡೆಗಾಲದವರೆಗೆ ಇದ್ದು ನೋಡು ಎಂದೂ ಈಗ ಸೇರಿಸಬೇಕಾಗಿದೆ.

ನಮ್ಮ ಬೀದಿಯಲ್ಲಿ ಹೆಂಗಸರೇ ಯಜಮಾನರಾಗಿರುವ ಹಳೆಯ ಮನೆಗಳು ನಾಲ್ಕಿವೆ. ಒಂದು ನನ್ನದು. ಗಂಡ ಇಲ್ಲ, ಮಕ್ಕಳು ದೂರ, ಕುಟುಂಬ ಪಿಂಚಣಿಯಲ್ಲಿ ಜೀವನ. ಮುಂದಿನ ರಸ್ತೆ ಅಗಲವಾಯಿತು, ಎದುರಿಗೆ ಬಟ್ಟೆ ಅಂಗಡಿ ಬಂತು, ಜಾಗದ ಬೆಲೆ ಏರಿತು. ಪಿಂಚಣಿ ಮಾತ್ರ ರಸ್ತೆ ನೋಡಿಕೊಂಡು ಏರುವುದಿಲ್ಲ.

2021ರ ತಿದ್ದುಪಡಿಯಿಂದ ಕರ್ನಾಟಕದ ಪುರಸಭೆ, ನಗರಸಭೆಗಳ ಮನೆ ಕಂದಾಯವನ್ನು ನೋಂದಣಿ ಇಲಾಖೆಯ ಚಾಲ್ತಿ ಮಾರ್ಗಸೂಚಿ ಬೆಲೆಗೆ ಗಂಟು ಹಾಕಲಾಗಿದೆ. ಆ ಬೆಲೆಯೂ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕರಣೆಯಾಯಿತು. ಮಾರ್ಗಸೂಚಿ ಬೆಲೆ ಹುಟ್ಟಿದ್ದೇ ಮಾರುವವರು, ಕೊಳ್ಳುವವರ ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಮಾರದೆ ಕೂತವಳಿಗೆ ಅದು ಬರೀ ಕಾಗದದ ಹಣ. ಕಾಗದದ ಹಣಕ್ಕೆ ಕೈಯಿಂದ ಕಾಸು ಕಟ್ಟು ಎನ್ನುವುದು ಯಾವ ನ್ಯಾಯ? ಕಂದಾಯವೊಂದೇ ಯಾರನ್ನೂ ಮನೆ ಬಿಡಿಸುವುದಿಲ್ಲ, ನಿಜ. ಸೋರುವ ಮಾಡು, ಔಷಧಿಯ ಖರ್ಚಿನ ಜೊತೆಗೆ ಅದೂ ಸೇರಿದಾಗಲೇ ದಲ್ಲಾಳಿಯ ಮಾತು ಸಿಹಿಯಾಗಿ ಕೇಳತೊಡಗುವುದು. ಮಾರಿ ಚಿಕ್ಕ ಮನೆ ಕೊಂಡರೆ ಅದಕ್ಕೂ ಮತ್ತೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ತೆರಬೇಕು ಎಂಬುದನ್ನು ಅವನು ಹೇಳುವುದಿಲ್ಲ.

ಹಾಗಾದರೆ ಕಂದಾಯ ಏರಿಸಲೇಬಾರದೆ? ನಾನು ಹಾಗೆನ್ನುವುದಿಲ್ಲ. ಚರಂಡಿ, ಬೀದಿದೀಪ, ನಲ್ಲಿ ನೀರು ನನಗೂ ಬೇಕು. ಏರದಂತೆ ಬಿಗಿದು ಕಟ್ಟಿದರೆ ಏನಾಗುತ್ತದೆಂದು ಅಮೆರಿಕದ ಕ್ಯಾಲಿಫೋರ್ನಿಯಾ ತೋರಿಸಿದೆ. ಅಲ್ಲಿ 1978ರಲ್ಲಿ ಜನರೇ ಮತ ಹಾಕಿ ಗೆಲ್ಲಿಸಿದ 13ನೆಯ ಪ್ರಸ್ತಾವದಂತೆ ಮೂಲ ತೆರಿಗೆ ಶೇ. 1 ಮೀರುವಂತಿಲ್ಲ. ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಕೈಬದಲಾದಾಗ ಮಾತ್ರ ಹೊಸ ಬೆಲೆ. ಇದರಿಂದ ಅಕ್ಕಪಕ್ಕದ ಒಂದೇ ತರಹದ ಮನೆಗಳಲ್ಲಿ ಹಳಬರದು ಅಲ್ಪ ತೆರಿಗೆ, ಈಚೆಗೆ ಕೊಂಡ ಎಳೆಯ ಸಂಸಾರದ್ದು ಹಲವು ಪಟ್ಟು. ಮೆಟ್ಟಿಲು ಹತ್ತಲಾಗದ ಅಜ್ಜಿಯೂ ದೊಡ್ಡ ಮನೆ ಬಿಡಲು ಹೆದರುತ್ತಾಳೆ. 55 ದಾಟಿದವರು ಹಳೆಯ ತೆರಿಗೆ ಬೆಲೆಯನ್ನು ಹೊಸ ಮನೆಗೆ ಒಯ್ಯುವ ಅವಕಾಶವನ್ನು 2020ರಲ್ಲಿ 19ನೆಯ ಪ್ರಸ್ತಾವದಿಂದ ಹಿಗ್ಗಿಸಬೇಕಾಯಿತು.

ಇಲ್ಲಿ ಕಾಯಿದೆ ಹೊರದಬ್ಬುತ್ತದೆ, ಅಲ್ಲಿ ಕಟ್ಟಿಹಾಕುತ್ತದೆ. ಇರುವುದೋ ಹೋಗುವುದೋ ಎಂದು ತೀರ್ಮಾನಿಸಬೇಕಾದ ಮನೆಯೊಡತಿಯ ಮಾತಿಗೆ ಎರಡೂ ಕಡೆ ಬೆಲೆಯಿಲ್ಲ.

ದಾರಿ ಇಲ್ಲದಿಲ್ಲ. ಅದೇ ಕ್ಯಾಲಿಫೋರ್ನಿಯಾದಲ್ಲಿ 62 ತುಂಬಿದ, ಕಡಿಮೆ ವರಮಾನದ ಅರ್ಹರು ಈಗಿನ ತೆರಿಗೆಯನ್ನು ಮುಂದೂಡಬಹುದು. ಮನೆ ಮಾರಿದಾಗ ಬಡ್ಡಿ ಸಮೇತ ಅದು ಸಲ್ಲುತ್ತದೆ. ನಾನು ಕೇಳುವುದೂ ಅಷ್ಟೆ. ತಾನೇ ವಾಸವಿರುವ, ಬೇರೆ ಮನೆಯಿಲ್ಲದ ಹಿರಿಯ ಹೆಂಗಸಿನ ಏರಿದ ಕಂದಾಯವನ್ನು ಬರೆದಿಟ್ಟುಕೊಳ್ಳಿ. ಮನೆ ಮಾರಿದ ದಿನ ವಸೂಲು ಮಾಡಿ. ಪುರಸಭೆಗೆ ನಷ್ಟವಿಲ್ಲ, ನಮಗೆ ಭಿಕ್ಷೆಯೂ ಅಲ್ಲ.

ಮುಂದಿನ ಸಲ ವಾರ್ಡಿನ ಅಭ್ಯರ್ಥಿ ಕೈಮುಗಿದು ಬಂದಾಗ, ತಂಗಿಯರೆ, ಕಾಫಿ ಕೊಡುವ ಮುಂಚೆ ಇದನ್ನು ಕೇಳಿ.