ಉಪ್ಪು ಸತ್ತಿತೇ?

'ನೀರಿನಲ್ಲಿ ಹುಟ್ಟುತ್ತದೆ, ನೀರು ಮುಟ್ಟಿದರೆ ಸಾಯುತ್ತದೆ. ಏನದು?'

ದ್ರಾವಣದ ಪಾಠಕ್ಕೆ ಮುನ್ನ ಈ ಹಳೆಯ ಒಗಟು ಕೇಳಿದೆ. 'ಉಪ್ಪು' ಎಂದು ಇಡೀ ತರಗತಿ ಕೂಗಿತು. ಕಿರುಪರೀಕ್ಷೆಯಲ್ಲಿ ಎಂದೂ ಪಾಸಾಗದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದಳು.

'ಸಾಯಲ್ಲ ಸಾರ್. ಗಂಟಲುನೋವಿಗೆ ಕಾಯಿಸಿದ ಉಪ್ಪುನೀರು ಒಲೆ ಮೇಲೇ ಮರೆತುಹೋಗಿತ್ತು. ನೀರೆಲ್ಲ ಬತ್ತಿದ ಮೇಲೆ ತಳದಲ್ಲಿ ಉಪ್ಪೇ ಇತ್ತು.'

ಆಕೆಯನ್ನು ದಡ್ಡಿ ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ಗೋಕರ್ಣದ ಬಳಿ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಬಿಸಿಲು ಮಾಡುವುದೂ ಇದನ್ನೇ: ನೀರು ಆವಿಯಾಗುತ್ತದೆ, ಕರಗಿದ್ದ ಉಪ್ಪು ಹರಳಾಗಿ ಉಳಿಯುತ್ತದೆ.

ಮಕ್ಕಳೇ, ಗೆಳೆಯರೊಡನೆ ಒಗಟು ಬಿಡಿಸಿದ ಮೇಲೆ 'ನಿಜವೇ?' ಎಂದು ಇನ್ನೊಮ್ಮೆ ಕೇಳಿಕೊಳ್ಳಿ. ಪೋಷಕರೇ, ಉತ್ತರ ಹೇಳಿಕೊಡುವ ಅವಸರ ಬೇಡ.

ಈ ವಾರಕ್ಕೆ: ಬಿಳಿ ಕುದುರೆಗೆ ಹಸಿರು ಬಾಲ. ಏನೆಂದು ಹೇಳಿದರೆ ಸಾಲದು. ಕುದುರೆ ಬೇರೋ, ಕಾಂಡವೋ?